ಇಂಜಿನ್ ಕೂರಿಸಿದ ಸೈಕಲ್ ನಿಜಕ್ಕೂ ಎಷ್ಟು ವೇಗ ಓಡುತ್ತದೆ? ಲೆಕ್ಕದಿಂದ ಟ್ಯೂನಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

'80 ಸಿಸಿ ಕಿಟ್, ಗಂಟೆಗೆ 80 ಕಿ.ಮೀ. ವೇಗ' ಎಂಬ ಜಾಹೀರಾತನ್ನು ನಂಬಿ ಸೈಕಲ್ಲಿಗೆ ಟೂ ಸ್ಟ್ರೋಕ್ ಇಂಜಿನ್ ಕೂರಿಸಿದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಇಂಜಿನ್ ಸ್ಟಾರ್ಟ್ ಆಗುತ್ತದೆ, ಸೈಕಲ್ 35 ಕಿ.ಮೀ. ಆಸುಪಾಸಿನವರೆಗೆ ಸರಾಗವಾಗಿ ಓಡುತ್ತದೆ, ಅಲ್ಲಿಂದ ಮೇಲೆ ಏರುವುದಿಲ್ಲ. ಆಗ ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಬದಲಿಸುತ್ತಾರೆ, ಹೊಸ ಸೈಲೆನ್ಸರ್ ತರಿಸುತ್ತಾರೆ, ಪೆಟ್ರೋಲಿಗೆ ಆಯಿಲ್ ಕಡಿಮೆ ಹಾಕಿ ನೋಡುತ್ತಾರೆ. ಕೆಲವೇ ವಾರಗಳಲ್ಲಿ ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡು ಇಂಜಿನ್ ಸೀಜ್ ಆಗುತ್ತದೆ, ಕಿಟ್ ಕಳಪೆಯೆಂಬ ತೀರ್ಮಾನವೂ ಆಗುತ್ತದೆ. ಕಿಟ್ ಅಗ್ಗದ್ದು ಎಂಬುದು ನಿಜವಾದರೂ ತಪ್ಪು ಬಹಳ ಸಲ ಕೆಲಸದ ಕ್ರಮದಲ್ಲಿರುತ್ತದೆ; ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಲಾಗಿರುತ್ತದೆ. ಸ್ಪ್ರಾಕೆಟ್ ಮತ್ತು ಸೈಲೆನ್ಸರ್ ಈ ಬರಹದ ಕೊನೆಯ ಭಾಗದಲ್ಲಿ ಬರುವುದು ಅದಕ್ಕಾಗಿಯೇ.

ಹಂತ 1: ಸ್ಪ್ಯಾನರ್ ಹಿಡಿಯುವ ಮೊದಲು ಲೆಕ್ಕ ಹಾಕಿ

'80 ಸಿಸಿ' ಎಂದು ಮಾರುವ ಕಿಟ್‌ನ ಸಿಲಿಂಡರ್ ಒಳವ್ಯಾಸ ಸಾಮಾನ್ಯವಾಗಿ 47 ಮಿ.ಮೀ., ಪಿಸ್ಟನ್ ಚಲಿಸುವ ದೂರ 38 ಮಿ.ಮೀ. ಗುಣಿಸಿದರೆ ಬರುವುದು 66 ಸಿಸಿ. ಇದರಿಂದ ವಾಸ್ತವವಾಗಿ ಸಿಗುವ ಶಕ್ತಿ ಸುಮಾರು 2ರಿಂದ 2.5 ಎಚ್‌ಪಿ ಮಾತ್ರ. ಕೊಂಡ ಕಿಟ್ ಯಾವುದೇ ಇರಲಿ, ಡಬ್ಬದ ಮೇಲಿನ ಅಂಕಿಯನ್ನು ಬದಿಗಿಟ್ಟು ಅಳತೆಗಳಿಂದಲೇ ಲೆಕ್ಕ ಆರಂಭಿಸಬೇಕು.

ಈ ಇಂಜಿನ್‌ಗಳ ಒಳಗಿನ ಗೇರ್ 20 ಮತ್ತು 82 ಹಲ್ಲುಗಳದ್ದು, ಅಂದರೆ ಅನುಪಾತ 4.1. ಹೊರಗೆ ಇಂಜಿನ್ ಬದಿಯಲ್ಲಿ 10 ಹಲ್ಲಿನ ಸ್ಪ್ರಾಕೆಟ್, ಹಿಂಚಕ್ರದಲ್ಲಿ 44 ಹಲ್ಲಿನದು ಇರುತ್ತದೆ. ಆ ಅನುಪಾತ 4.4. ಎರಡನ್ನೂ ಗುಣಿಸಿದರೆ 18.04, ಅಂದರೆ ಚಕ್ರ ಒಂದು ಸುತ್ತು ಬರಲು ಇಂಜಿನ್ 18 ಸುತ್ತು ತಿರುಗಬೇಕು. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಇನ್ನು ಸೂತ್ರ ಹೀಗಿದೆ: ಇಂಜಿನ್‌ನ ನಿಮಿಷದ ಸುತ್ತುಗಳನ್ನು ಒಟ್ಟು ಅನುಪಾತದಿಂದ ಭಾಗಿಸಿ, ಸುತ್ತಳತೆಯಿಂದಲೂ 60ರಿಂದಲೂ ಗುಣಿಸಿ, 1000ದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ.

ಹೀಗೆ 5000 ಸುತ್ತಿಗೆ 34 ಕಿ.ಮೀ., 6000 ಸುತ್ತಿಗೆ 41 ಕಿ.ಮೀ. ಬರುತ್ತದೆ. ಯಾವ ಬದಲಾವಣೆಯನ್ನೂ ಮಾಡದ ಇಂಜಿನ್ 6000 ಸುತ್ತಿನ ಆಚೆಗೆ ವಿಪರೀತ ನಡುಗುತ್ತದೆ, ಅದರ ಬೇರಿಂಗ್‌ಗಳು ಬಹುಕಾಲ ಬಾಳುವುದಿಲ್ಲ. ಇದೇ ಸ್ಪ್ರಾಕೆಟ್‌ನಲ್ಲಿ 80 ಕಿ.ಮೀ. ತಲುಪಬೇಕಾದರೆ ಇಂಜಿನ್ ನಿಮಿಷಕ್ಕೆ ಸುಮಾರು 11,600 ಸುತ್ತು ತಿರುಗಬೇಕಾಗುತ್ತದೆ. ಜಾಹೀರಾತಿನ ಮಾತು ಇಲ್ಲಿಯೇ ಮುಗಿಯಿತು.

ಗೇರ್ ಬದಲಿಸಿದರೆ ಆಯಿತಲ್ಲ ಎನ್ನುವವರು ಗಾಳಿಯ ತಡೆಯನ್ನು ಮರೆಯುತ್ತಾರೆ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ನೆಟ್ಟಗೆ ಕುಳಿತ ಸವಾರನೂ ಸೇರಿ ಒಟ್ಟು 110 ಕೆ.ಜಿ. ತೂಕವೆಂದು ಹಿಡಿದರೆ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗಕ್ಕೆ ಚಕ್ರದಲ್ಲಿ ಸುಮಾರು 600 ವ್ಯಾಟ್, 50ಕ್ಕೆ ಸುಮಾರು 1100, 60ಕ್ಕೆ ಸುಮಾರು 1850 ವ್ಯಾಟ್ ಬೇಕು. 80ಕ್ಕೆ 4000 ವ್ಯಾಟ್ ದಾಟುತ್ತದೆ, ಅಂದರೆ ಐದೂವರೆ ಎಚ್‌ಪಿಯ ಆಸುಪಾಸು. ಚೈನು ಮತ್ತು ಗೇರ್‌ಗಳಲ್ಲಿ ನಷ್ಟವಾಗುವ ಪಾಲನ್ನು ಕಳೆದರೆ ನಮ್ಮ ಇಂಜಿನ್ ಕೊಡಬಲ್ಲದ್ದು 50ರಿಂದ 55 ಕಿ.ಮೀ.ವರೆಗಿನ ವೇಗ. ಅದೂ ಎಲ್ಲವೂ ಸರಿಯಿದ್ದಾಗ.

ಆದ್ದರಿಂದ ಗುರಿಯನ್ನು ಹೀಗೆ ಇಟ್ಟುಕೊಳ್ಳುವುದು ಒಳ್ಳೆಯದು: ಕಿಟ್ ಇದ್ದಂತೆಯೇ ಇದ್ದರೆ 35ರಿಂದ 40, ಕಾರ್ಬುರೇಟರ್ ಮತ್ತು ಸ್ಪ್ರಾಕೆಟ್ ಸರಿಹೊಂದಿಸಿದರೆ 45ರಿಂದ 50. ಅದಕ್ಕಿಂತ ಮೇಲಿನ ಪ್ರತಿ ಕಿ.ಮೀ.ಗೂ ಇಂಜಿನ್‌ನ ಆಯುಷ್ಯದಿಂದ ಬೆಲೆ ತೆರಬೇಕಾಗುತ್ತದೆ.

ಹಂತ 2: ಕಾನೂನು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಿರಿ

1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿಸಿ ಮೀರದ ಇಂಜಿನ್ ಇರುವ ಗಾಡಿ 'ಮೋಟಾರು ವಾಹನ' ಎನಿಸುವುದಿಲ್ಲ. 66 ಸಿಸಿ ಇಂಜಿನ್ ಕೂರಿಸಿದ ಸೈಕಲ್ ಖಂಡಿತವಾಗಿ ಮೋಟಾರು ವಾಹನ. ಅದಕ್ಕೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು, ಮನೆಯಲ್ಲಿ ಜೋಡಿಸಿದ ಕಿಟ್‌ಗೆ ಅದು ಸುಲಭವಾಗಿ ಸಿಗುವಂಥದ್ದಲ್ಲ. ಆದ್ದರಿಂದ ಮುಂದಿನ ಪರೀಕ್ಷೆಗಳೆಲ್ಲ ತೋಟದ ದಾರಿ, ಖಾಸಗಿ ಬಡಾವಣೆಯ ಖಾಲಿ ರಸ್ತೆ ಮುಂತಾದ ಕಡೆ, ಜಾಗದ ಒಡೆಯರ ಒಪ್ಪಿಗೆ ಪಡೆದು ನಡೆಯಬೇಕು. ಅಮೆರಿಕದಲ್ಲಿರುವ ಓದುಗರು ತಮ್ಮ ರಾಜ್ಯದ ನಿಯಮವನ್ನೇ ನೋಡಬೇಕು. ಹಲವು ರಾಜ್ಯಗಳಲ್ಲಿ ಗಡಿ ಇರುವುದು 50 ಸಿಸಿಯ ಹತ್ತಿರ.

ಹಂತ 3: ಬೇಕಾಗುವ ಸಾಮಾನು

ಕಿಟ್ ಜತೆ ಬರುವ ತಗಡಿನ ಸ್ಪ್ಯಾನರ್ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ, ಅದನ್ನು ಬಳಸಬೇಡಿ. ಒಳ್ಳೆಯ ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಟಾರ್ಕ್ ವ್ರೆಂಚ್, ಕಡ್ಡಿ ಬಿಗಿಮಾಡುವ ಕೀಲಿ, ಪ್ಲಗ್ ತುದಿಯ ಅಂತರ ಅಳೆಯುವ ಫೀಲರ್ ಗೇಜ್, ಚೈನು ಬಿಚ್ಚುವ ಸಾಧನ, ಆಯಿಲ್ ಅಳೆಯಲು ಮಿ.ಲೀ. ಗುರುತಿರುವ ಸಿರಿಂಜ್, ನೀರು ಸಿಂಪಡಿಸುವ ಬಾಟಲಿ, ಎರಡು ಹೊಸ ಸ್ಪಾರ್ಕ್ ಪ್ಲಗ್ ಮತ್ತು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಎಷ್ಟು ಹರಿಯಬೇಕೆಂದು ನಿರ್ಧರಿಸುವ ಸಣ್ಣ ರಂಧ್ರದ ಬಿಡಿಭಾಗಗಳಾದ, ಬೇರೆ ಬೇರೆ ಸಂಖ್ಯೆಯ ಮೇನ್ ಜೆಟ್‌ಗಳು ಬೇಕು. ಜೆಟ್ ಸಿಗಲಿಲ್ಲವೆಂದು ಇದ್ದುದರ ರಂಧ್ರಕ್ಕೆ ಸೂಜಿ ತೂರಿಸಿ ಅಗಲಿಸುವ ಅಭ್ಯಾಸವಿದೆ. ಹಾಗೆ ಮಾಡಿದ ಮೇಲೆ ರಂಧ್ರದ ಅಳತೆ ಯಾರಿಗೂ ಗೊತ್ತಿರುವುದಿಲ್ಲ, ಹಿಂದಕ್ಕೆ ಬರುವ ದಾರಿಯೂ ಉಳಿಯುವುದಿಲ್ಲ. ವೇಗ ಅಳೆಯಲು ಫೋನಿನ ಜಿಪಿಎಸ್ ಸಾಕು. ಇವುಗಳ ಜತೆ ಒಂದು ನೋಟ್ ಪುಸ್ತಕ ಇರಲಿ. ಯಾವ ಜೆಟ್, ಎಷ್ಟು ಆಯಿಲ್, ಎಷ್ಟು ವೇಗ ಎಂಬುದನ್ನು ಬರೆದಿಡದವರು ಮೂರನೆಯ ಬದಲಾವಣೆಯ ಹೊತ್ತಿಗೆ ದಾರಿ ತಪ್ಪುತ್ತಾರೆ.

ಹಂತ 4: ಮೊದಲು ನಿಲ್ಲಿಸುವ ವ್ಯವಸ್ಥೆ

ಸೈಕಲ್ ಚೌಕಟ್ಟು ತುಳಿಯುವವನ ವೇಗಕ್ಕೆ ತಯಾರಾದದ್ದು. 25 ಕಿ.ಮೀ. ವೇಗದಿಂದ 50ಕ್ಕೆ ಏರಿದಾಗ ಬ್ರೇಕ್ ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಡ್ಡಿ ಬ್ರೇಕಿನ ಹಳೆಯ ಕಪ್ಪು ಸೈಕಲ್ಲಿನ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲವೆನ್ನಬಹುದು; ಅಂಥ ಸೈಕಲ್ಲಿನಲ್ಲಿ 30 ಕಿ.ಮೀ. ದಾಟುವ ಯೋಚನೆಯನ್ನು ಕೈಬಿಡುವುದೇ ಮೇಲು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಅಥವಾ ಅಲ್ಯೂಮಿನಿಯಂ ರಿಮ್ ಮೇಲೆ ಕೆಲಸ ಮಾಡುವ ವಿ-ಬ್ರೇಕ್ ಇರಬೇಕು. ಚೌಕಟ್ಟು ಸ್ಟೀಲಿನದಾಗಿರಲಿ. ತೆಳು ಅಲ್ಯೂಮಿನಿಯಂ ಕೊಳವೆಗೆ ಇಂಜಿನ್ ಕ್ಲಾಂಪ್ ಬಿಗಿದರೆ ನಡುಕದಿಂದ ಅದೇ ಜಾಗದಲ್ಲಿ ಬಿರುಕು ಬಿಡುತ್ತದೆ.

ಹಿಂಚಕ್ರದ ಸ್ಪ್ರಾಕೆಟ್ ಅನ್ನು ಕಿಟ್‌ಗಳಲ್ಲಿ ರಬ್ಬರ್ ಬಿಲ್ಲೆಗಳ ನಡುವೆ ಕಡ್ಡಿಗಳನ್ನು ಹಿಡಿದು ಒಂಬತ್ತು ಬೋಲ್ಟ್‌ಗಳಿಂದ ಕೂರಿಸುತ್ತಾರೆ. ಈ ಬೋಲ್ಟ್‌ಗಳನ್ನು ಒಂದು ಬದಿಯಿಂದ ಸಾಲಾಗಿ ಬಿಗಿದರೆ ಸ್ಪ್ರಾಕೆಟ್ ಓರೆಯಾಗುತ್ತದೆ. ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತ, ನಡುವೆ ಚಕ್ರ ತಿರುಗಿಸಿ ಸ್ಪ್ರಾಕೆಟ್ ಹಲ್ಲುಗಳು ಎಡಬಲಕ್ಕೆ ಓಲಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಬ್‌ಗೆ ನೇರವಾಗಿ ಕೂರುವ ಅಡಾಪ್ಟರ್ ಸಿಕ್ಕಿದರೆ ಕಡ್ಡಿಗಳ ಮೇಲಿನ ಹೊರೆ ತಪ್ಪುತ್ತದೆ. ಈ ಇಡೀ ಕೆಲಸದಲ್ಲಿ ಹಣ ಹಾಕಲು ಇದಕ್ಕಿಂತ ಯೋಗ್ಯವಾದ ಭಾಗ ನನಗೆ ಕಾಣುವುದಿಲ್ಲ.

ಚೈನಿನ ನಡುವೆ ಬೆರಳಿನಿಂದ ಒತ್ತಿದಾಗ ಸುಮಾರು 12 ಮಿ.ಮೀ. ಆಡಬೇಕು. ಚೈನನ್ನು ಬಿಗಿಯಾಗಿ ಹಿಡಿಯಲು ಕೊಡುವ ಪುಟ್ಟ ರೋಲರ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದನ್ನು ಹಿಂದಿನ ಕೊಳವೆಗೆ ಬರೀ ಕ್ಲಾಂಪಿನಿಂದ ಬಿಗಿದಿರುತ್ತಾರೆ. ಸಡಿಲವಾದರೆ ಚೈನು ಅದನ್ನು ಎಳೆದುಕೊಂಡು ಹೋಗಿ ಕಡ್ಡಿಗಳೊಳಗೆ ತೂರಿಸುತ್ತದೆ, ಚಕ್ರ ಒಮ್ಮೆಲೇ ನಿಲ್ಲುತ್ತದೆ. ಚೈನಿನ ಉದ್ದ ಸರಿಮಾಡಿ ರೋಲರ್ ಇಲ್ಲದೆಯೇ ಓಡಿಸಲಾದರೆ ತೆಗೆದುಬಿಡಿ, ಇಲ್ಲವಾದರೆ ಕ್ಲಾಂಪ್ ತಿರುಗದಂತೆ ಕೊಳವೆಗೆ ಭದ್ರಪಡಿಸಿ.

ಹಂತ 5: ಗಾಳಿ ಸೋರಿಕೆ ನಿಲ್ಲಿಸಿ

ಕಾರ್ಬುರೇಟರ್ ಮುಟ್ಟುವ ಮೊದಲು ಈ ಹಂತ ಮುಗಿಯಲೇಬೇಕು. ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಕೊಳವೆಯ ಪ್ಯಾಕಿಂಗ್ ಸೋರಿದರೆ ಅಳತೆಗೆ ಸಿಗದ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಇಂಜಿನ್ ವಿಪರೀತ ಕಾಯುತ್ತದೆ. ಮೆಕ್ಯಾನಿಕ್‌ಗಳು ಇಂಥ ಮಿಶ್ರಣವನ್ನು ಲೀನ್ ಎಂದೂ, ಪೆಟ್ರೋಲ್ ಹೆಚ್ಚಾದದ್ದನ್ನು ರಿಚ್ ಎಂದೂ ಕರೆಯುತ್ತಾರೆ. ಸೋರಿಕೆ ಇರುವಾಗ ಜೆಟ್ ಬದಲಿಸುತ್ತ ಹೋದರೆ ಇಂದು ಸರಿಯೆನಿಸಿದ್ದು ನಾಳೆ ಸರಿಯಿರುವುದಿಲ್ಲ.

ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆ ಜೋಡಣೆಯ ಸುತ್ತ ನೀರು ಸಿಂಪಡಿಸಿ. ಸದ್ದಿನ ಲಯ ಬದಲಾದರೆ ಅಲ್ಲಿ ಸೋರಿಕೆಯಿದೆ. ಪೆಟ್ರೋಲ್ ಅಥವಾ ಕಾರ್ಬುರೇಟರ್ ತೊಳೆಯುವ ಸ್ಪ್ರೇಯನ್ನು ಬಿಸಿ ಇಂಜಿನ್ ಮೇಲೆ ಬಳಸುವ ಸಲಹೆಗೆ ಕಿವಿಗೊಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಎಕ್ಸಾಸ್ಟ್ ಜೋಡಣೆಯ ಕೆಳಗೆ ಕಪ್ಪಗಿನ ಎಣ್ಣೆ ಜಿನುಗಿ ಸಿಲಿಂಡರಿನ ರೆಕ್ಕೆಗಳ ಮೇಲೆ ಗೆರೆ ಮೂಡಿದ್ದರೆ ಅಲ್ಲಿಯ ಪ್ಯಾಕಿಂಗ್ ಕೂಡ ಹೋಗಿದೆ ಎಂದರ್ಥ.

ಸಿಲಿಂಡರ್ ಹೆಡ್ಡಿನ ನಾಲ್ಕು ನಟ್‌ಗಳನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ, ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಸ್ಟಡ್ 6 ಮಿ.ಮೀ. ಆಗಿದ್ದರೆ ಸುಮಾರು 10 ನ್ಯೂಟನ್ ಮೀಟರ್, 8 ಮಿ.ಮೀ. ಆಗಿದ್ದರೆ ಸುಮಾರು 16. ಮೊದಲ ಓಟದ ನಂತರ ತಣಿದ ಮೇಲೆ ಇನ್ನೊಮ್ಮೆ ನೋಡಿ, ಯಾವುದಾದರೊಂದು ಸಡಿಲಾಗಿರುವುದು ಸಾಮಾನ್ಯ.

ಹಂತ 6: ಪೆಟ್ರೋಲ್, ಆಯಿಲ್ ಮತ್ತು ಪಳಗಿಸುವಿಕೆ

ಕಿಟ್ ಕೈಪಿಡಿಗಳಲ್ಲಿ ಹೆಚ್ಚಿನವು ಆರಂಭದಲ್ಲಿ 16 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಎನ್ನುತ್ತವೆ, ಅಂದರೆ ಲೀಟರಿಗೆ 62 ಮಿ.ಲೀ. ಮೊದಲ ಕೆಲವು ನೂರು ಕಿ.ಮೀ. ನಂತರ ಒಳ್ಳೆಯ 2ಟಿ (ಟೂ ಸ್ಟ್ರೋಕ್) ಆಯಿಲ್ ಬಳಸಿ 25:1ಕ್ಕೆ, ಅಂದರೆ ಲೀಟರಿಗೆ 40 ಮಿ.ಲೀ.ಗೆ ಬರಬಹುದು. ಡಬ್ಬದ ಮೇಲೆ ಜಪಾನಿನ ಮಾನದಂಡವಾದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ ಗುರುತಿರಲಿ. ಕಾರಿನ ಇಂಜಿನ್ ಆಯಿಲ್ ಈ ಕೆಲಸಕ್ಕೆ ಬರುವುದಿಲ್ಲ. ಮಿಶ್ರಣವನ್ನು ಟ್ಯಾಂಕಿನಲ್ಲಿ ಮಾಡದೆ ಬೇರೆ ಕ್ಯಾನಿನಲ್ಲಿ ಚೆನ್ನಾಗಿ ಅಲುಗಾಡಿಸಿ ಸುರಿಯಬೇಕು.

ಅನೇಕರಿಗೆ ತಿಳಿಯದ ಒಂದು ಸಂಗತಿ: ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್‌ನ ಮೂಲಕ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ. ಆದ್ದರಿಂದ ಆಯಿಲ್ ಅನುಪಾತ ಬದಲಿಸಿದಾಗಲೆಲ್ಲ ಜೆಟ್ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.

ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕಾಗುವುದರಿಂದ ಅಷ್ಟೇ ಗಾಳಿಗೆ ಇಂಧನ ಸುಮಾರು 8 ಪ್ರತಿಶತ ಹೆಚ್ಚು ಬೇಕು. ಬರೀ ಪೆಟ್ರೋಲಿಗೆಂದು ಕೂರಿಸಿದ ಜೆಟ್ ಇಲ್ಲಿ ತಾನಾಗಿ ಲೀನ್ ಆಗುತ್ತದೆ. ಎಥನಾಲ್ ತೇವವನ್ನೂ ಹೀರುತ್ತದೆ, ಅಗ್ಗದ ರಬ್ಬರ್ ಕೊಳವೆಯನ್ನು ಮೆತ್ತಗಾಗಿಸುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ.

ಪಳಗಿಸುವ ಅವಧಿಯಲ್ಲಿ, ಅಂದರೆ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ, ಅರ್ಧ ಥ್ರಾಟಲ್ ಮೀರದೆ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ, ಆಗಾಗ ನಿಲ್ಲಿಸಿ ತಣಿಯಲು ಬಿಡಬೇಕು. ಗರಿಷ್ಠ ವೇಗವನ್ನು ಈ ಹಂತದಲ್ಲಿ ಅಳೆಯುವುದರಿಂದ ಏನೂ ತಿಳಿಯುವುದಿಲ್ಲ, ಹೊಸ ರಿಂಗ್ ಇನ್ನೂ ಸಿಲಿಂಡರಿಗೆ ಒಗ್ಗಿಕೊಂಡಿರುವುದಿಲ್ಲ.

ಹಂತ 7: ಕಾರ್ಬುರೇಟರ್ ಹೊಂದಿಸುವುದು

ನಿಜವಾದ ಟ್ಯೂನಿಂಗ್ ಇಲ್ಲಿಂದ ಶುರು. ಥ್ರಾಟಲ್ ಕಾಲು ಭಾಗದವರೆಗೆ ತೆರೆದಾಗ ಐಡಲ್ ಸ್ಕ್ರೂ ಮತ್ತು ಸ್ಲೈಡ್ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ), ನಡುವೆ ಸ್ಲೈಡಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ ಸೂಜಿ, ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್ ಕೆಲಸ ಮಾಡುತ್ತವೆ. ಗರಿಷ್ಠ ವೇಗ ಮೇನ್ ಜೆಟ್‌ನ ವ್ಯವಹಾರ. ಆದ್ದರಿಂದ ಅದನ್ನೇ ಮೊದಲು ಸರಿಪಡಿಸಿ ಬಳಿಕ ಸೂಜಿಗೆ ಬರಬೇಕು. ಎರಡನ್ನೂ ಒಟ್ಟಿಗೆ ಬದಲಿಸಬಾರದು.

ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಸಮತಟ್ಟು ದಾರಿಯಲ್ಲಿ ಥ್ರಾಟಲ್ ಪೂರ್ತಿ ತೆರೆದು ಕೆಲವು ನೂರು ಮೀಟರ್ ಓಡಿಸಿ. ಸದ್ದು ಏಕರೀತಿಯಾಗಿ ಏರದೆ 'ಬಡಬಡ' ಎಂದು ಒಡೆದಂತೆ ಕೇಳಿದರೆ, ಹೊಗೆ ದಟ್ಟವಾಗಿದ್ದರೆ ಮಿಶ್ರಣ ರಿಚ್ ಆಗಿದೆ. ಥ್ರಾಟಲ್ ಸ್ವಲ್ಪ ಇಳಿಸಿದಾಗ ಇಂಜಿನ್ ಒಮ್ಮೆ ಚುರುಕಾದರೆ ಮೇನ್ ಜೆಟ್ ಚಿಕ್ಕದಾಗಿ ಮಿಶ್ರಣ ಲೀನ್ ಆಗಿರುವ ಸಾಧ್ಯತೆ ಹೆಚ್ಚು. ಕಿವಿಯ ತೀರ್ಮಾನವನ್ನು ಕಣ್ಣು ದೃಢಪಡಿಸಬೇಕು. ಹೊಸ ಪ್ಲಗ್ ಹಾಕಿ, ತುದಿಯ ಅಂತರ 0.6ರಿಂದ 0.7 ಮಿ.ಮೀ. ಇಟ್ಟು, ಅದೇ ರೀತಿ ಓಡಿಸಿ, ಥ್ರಾಟಲ್ ಬಿಡದೆಯೇ ಕಿಲ್ ಸ್ವಿಚ್ ಒತ್ತಿ ಅದೇ ಕ್ಷಣ ಕ್ಲಚ್ ಹಿಡಿದು ಸೈಕಲ್ ನಿಲ್ಲಿಸಿ. ಇಂಜಿನ್ ಒಂದು ಗಳಿಗೆ ಐಡಲ್‌ನಲ್ಲಿ ಓಡಿದರೂ ಪ್ಲಗ್ಗಿನ ಗುರುತು ಕೆಡುತ್ತದೆ.

ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿಯ ಬುಡವನ್ನು ಬಿಸಿಲಿನಲ್ಲಿ ನೋಡಿ. ಹಾಲು ಹೆಚ್ಚಿದ ಕಾಫಿಯ ಬಣ್ಣ ಬಂದಿದ್ದರೆ ಸರಿ. ಕಪ್ಪಾಗಿ ಜಿಡ್ಡಾಗಿದ್ದರೆ ಜೆಟ್ ದೊಡ್ಡದಾಯಿತು. ಸುಣ್ಣದಂತೆ ಬೆಳ್ಳಗಿದ್ದರೆ, ಅದರಲ್ಲೂ ಸಣ್ಣ ಹೊಳೆಯುವ ಚುಕ್ಕೆಗಳಿದ್ದರೆ, ಅಲ್ಲಿಗೇ ನಿಲ್ಲಿಸಿ; ಆ ಚುಕ್ಕೆಗಳು ಪಿಸ್ಟನ್‌ನಿಂದ ಕರಗಿ ಬಂದ ಅಲ್ಯೂಮಿನಿಯಂ. ಒಂದು ಸಲಕ್ಕೆ ಎರಡು ಮೂರು ಸಂಖ್ಯೆಯಷ್ಟೇ ಜೆಟ್ ಬದಲಿಸುತ್ತ, ಯಾವಾಗಲೂ ದೊಡ್ಡ ಜೆಟ್‌ನಿಂದ ಚಿಕ್ಕದಕ್ಕೆ ಇಳಿಯಬೇಕು. ಚಿಕ್ಕದರಿಂದ ಆರಂಭಿಸಿದರೆ ಸರಿಯಾದ ಜೆಟ್ ಸಿಗುವ ಮೊದಲೇ ಇಂಜಿನ್ ಹಾಳಾಗಬಹುದು. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕ್‌ಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ ನಿಮ್ಮೂರಿನಲ್ಲಿದ್ದರೆ ಪ್ಲಗ್ಗನ್ನು ಅವರಿಗೊಮ್ಮೆ ತೋರಿಸಿ. ಫೋಟೊ ನೋಡಿ ಕಲಿಯುವುದಕ್ಕಿಂತ ಬೇಗ ಕಣ್ಣು ಪಳಗುತ್ತದೆ.

ಮೇನ್ ಜೆಟ್ ಸರಿಹೊಂದಿದ ಮೇಲೆ ಅರ್ಧ ಥ್ರಾಟಲ್‌ನಲ್ಲಿ ಓಡಿಸಿ ನೋಡಿ. ಅಲ್ಲಿ ಸದ್ದು ಒಡೆಯುತ್ತಿದ್ದರೆ ಸೂಜಿಯ ಕ್ಲಿಪ್ಪನ್ನು ಒಂದು ತೋಡು ಮೇಲಕ್ಕೆ ಹಾಕಬೇಕು, ಆಗ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಹೆಚ್ಚು ಬೇಕಾದರೆ ಕ್ಲಿಪ್ ಕೆಳಕ್ಕೆ. ಇದನ್ನು ತಲೆಕೆಳಗಾಗಿ ನೆನಪಿಟ್ಟುಕೊಂಡವರೇ ಹೆಚ್ಚು.

ಎತ್ತರದ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದು, ಗಾಳಿಯ ಸಾಂದ್ರತೆಯೂ ಇಂಜಿನ್‌ನ ಶಕ್ತಿಯೂ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಬೆಂಗಳೂರಿನಲ್ಲಿ ಅಂಚಿಗೆ ಹೊಂದಿಸಿದ ಜೆಟ್ ಮಂಗಳೂರಿನಲ್ಲಿ ಲೀನ್ ಆಗುತ್ತದೆ. ಕೆಳಗಿಳಿಯುವವರು ಒಂದು ಹಂತ ದೊಡ್ಡ ಜೆಟ್ ಹಾಕಿಕೊಳ್ಳಬೇಕು.

ಹಂತ 8: ಈಗ ಸ್ಪ್ರಾಕೆಟ್

ಜಿಪಿಎಸ್‌ನಲ್ಲಿ ಎರಡೂ ದಿಕ್ಕಿನ ವೇಗ ಅಳೆದು ಸರಾಸರಿ ತೆಗೆದು, ಒಂದನೇ ಹಂತದ ಸೂತ್ರವನ್ನು ತಿರುಗಿಸಿ ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಕಂಡುಕೊಳ್ಳಿ. 44 ಹಲ್ಲಿನಲ್ಲಿ 41 ಕಿ.ಮೀ. ಬಂದರೆ ಇಂಜಿನ್ 6000 ತಲುಪಿದೆ, ಅದಕ್ಕೆ ಇನ್ನೂ ಕಸುವು ಉಳಿದಿದೆ. ಆಗ 40 ಅಥವಾ 36 ಹಲ್ಲಿನ ಸ್ಪ್ರಾಕೆಟ್ ಹಾಕುವುದರಲ್ಲಿ ಅರ್ಥವಿದೆ; 36ರಲ್ಲಿ ಅದೇ 6000 ಸುತ್ತಿಗೆ 50 ಕಿ.ಮೀ. ಆಗುತ್ತದೆ. ಆದರೆ ನಿಮ್ಮ ಸೈಕಲ್ 32ಕ್ಕೇ ನಿಂತಿದ್ದರೆ ಇಂಜಿನ್ 5000ವನ್ನೂ ಮುಟ್ಟಿಲ್ಲ. ಅಲ್ಲಿ ಚಿಕ್ಕ ಸ್ಪ್ರಾಕೆಟ್ ಹಾಕಿದರೆ ವೇಗ ಇನ್ನಷ್ಟು ಇಳಿಯುತ್ತದೆ. ಹಿಂದಿನ ಹಂತಗಳಿಗೆ ಮರಳಿ, ಕ್ಲಚ್ ಜಾರುತ್ತಿದೆಯೇ ಎಂಬುದನ್ನೂ ನೋಡಿ: ಸದ್ದು ಏರಿದರೂ ವೇಗ ಏರದಿದ್ದರೆ ಅದು ಕ್ಲಚ್.

ಮಲೆನಾಡಿನ ಏರುದಾರಿಗಳಲ್ಲಿ ಓಡಿಸುವವರಿಗೆ 44 ಇಲ್ಲವೆ 48 ಹಲ್ಲಿನದೇ ಯೋಗ್ಯ. 36ರಲ್ಲಿ ಪ್ರತಿ ಏರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ.

ಹಂತ 9: ಸೈಲೆನ್ಸರ್ ಬದಲಾವಣೆ, ಬೇಕೆನಿಸಿದರೆ ಮಾತ್ರ

ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಶನ್ ಪೈಪ್ ಒತ್ತಡದ ಅಲೆಯನ್ನು ಹಿಂದಕ್ಕೆ ಕಳುಹಿಸಿ, ಹೊರಬೀಳಲಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೇ ತಳ್ಳುತ್ತದೆ. ಅದರ ಉದ್ದ ಯಾವ ಸುತ್ತಿಗೆ ಹೊಂದುತ್ತದೆಯೋ ಆ ಕಿರಿದಾದ ವ್ಯಾಪ್ತಿಯಲ್ಲಷ್ಟೇ ಲಾಭ, ಉಳಿದೆಡೆ ನಷ್ಟವೂ ಆಗಬಹುದು. ಹಾಕಿದ ಮೇಲೆ ಏಳನೇ ಹಂತವನ್ನು ದೊಡ್ಡ ಜೆಟ್‌ನಿಂದ ಮತ್ತೆ ಮಾಡಬೇಕು. ಈ ಪೈಪ್ ಹಾಕಿ ಜೆಟ್ ಬದಲಿಸದೆ ಓಡಿಸುವುದು ಪಿಸ್ಟನ್ ಸುಟ್ಟುಕೊಳ್ಳುವ ಅತಿ ಹತ್ತಿರದ ದಾರಿ. ಹೆಡ್ ಉಜ್ಜಿ ಕಂಪ್ರೆಶನ್ ಏರಿಸುವುದು, ಪೋರ್ಟ್ ಅಗಲಿಸುವುದು ಮುಂತಾದವನ್ನು ಲೇತ್ ಕೆಲಸ ಬಲ್ಲವರಿಗೆ ಬಿಡುವುದು ಒಳ್ಳೆಯದು.

ಯಾವಾಗ ಇಂಜಿನ್ ಆಫ್ ಮಾಡಬೇಕು

ಪೂರ್ತಿ ಥ್ರಾಟಲ್‌ನಲ್ಲಿ ಓಡುತ್ತಿರುವಾಗ ಶಕ್ತಿ ಇದ್ದಕ್ಕಿದ್ದಂತೆ ಕುಸಿದು, ಚಕ್ರವನ್ನು ಯಾರೋ ಹಿಡಿದೆಳೆದಂತಾದರೆ ಅದು ಸೀಜ್ ಆಗುವ ಮುನ್ಸೂಚನೆ. ಆ ಕ್ಷಣದಲ್ಲೇ ಕ್ಲಚ್ ಹಿಡಿಯಿರಿ. ಥ್ರಾಟಲ್ ಬಿಟ್ಟರೂ ಇಂಜಿನ್ ಇಳಿಯದೆ ಕೂಗುತ್ತಿದ್ದರೆ ಒಂದೋ ಸ್ಲೈಡ್ ಸಿಕ್ಕಿಕೊಂಡಿದೆ, ಇಲ್ಲವೇ ಗಾಳಿ ಸೋರುತ್ತಿದೆ. ಏರಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದಂಥ ಕಿಣಿಕಿಣಿ ಸದ್ದು ಬಂದರೆ ಮಿಶ್ರಣ ಲೀನ್ ಆಗಿದೆ ಅಥವಾ ಇಂಜಿನ್ ಮಿತಿಮೀರಿ ಕಾದಿದೆ. ಹ್ಯಾಂಡಲ್‌ನ ನಡುಕ ಮೊದಲಿಗಿಂತ ಹೆಚ್ಚಾದರೆ ಇಂಜಿನ್ ಕ್ಲಾಂಪಿನ ಸ್ಟಡ್ ಸಡಿಲವಾಗಿದೆಯೇ, ಚೌಕಟ್ಟಿನ ಬಣ್ಣ ಎಲ್ಲಾದರೂ ಕೂದಲೆಳೆಯಂತೆ ಬಿರಿದಿದೆಯೇ ನೋಡಬೇಕು.

ಘಾಟಿ ಇಳಿಯುವವರು ಇನ್ನೊಂದನ್ನು ಗಮನಿಸಬೇಕು. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜತೆಯಲ್ಲೇ. ಥ್ರಾಟಲ್ ಮುಚ್ಚಿ, ಕ್ಲಚ್ ಬಿಟ್ಟು, ಇಂಜಿನ್ನಿನ ತಡೆಯಿಂದಲೇ ವೇಗ ತಗ್ಗಿಸುತ್ತ ಉದ್ದಕ್ಕೂ ಇಳಿದರೆ ಪಿಸ್ಟನ್ ವೇಗವಾಗಿ ಓಡುತ್ತಿದ್ದರೂ ಅದಕ್ಕೆ ಸಾಕಷ್ಟು ಎಣ್ಣೆ ಸಿಗುವುದಿಲ್ಲ. ಇಳಿಜಾರಿನಲ್ಲಿ ಕ್ಲಚ್ ಹಿಡಿದು ಇಂಜಿನ್ನನ್ನು ಐಡಲ್‌ನಲ್ಲಿ ಇರಿಸಿ, ವೇಗವನ್ನು ಎರಡೂ ಬ್ರೇಕ್‌ಗಳಿಂದ ಬಿಟ್ಟುಬಿಟ್ಟು ಹಿಡಿದು ನಿಯಂತ್ರಿಸಿ. ರಿಮ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ ತಣಿಯಲು ಬಿಡಿ. ಆ ಬಿಸಿಗೆ ಟ್ಯೂಬ್ ಒಡೆಯುವುದುಂಟು.